ಮುದ್ದೆ ಊಟ, ಹೊಲದ ಕೆಲಸ ಎರಡೂ ಇದ್ದು ಶುಗರ್ ಯಾಕೆ ಇಳಿಯುತ್ತಿಲ್ಲ?

ನಿಮ್ಮ ತಂದೆಯವರಿಗೆ ಅನ್ನ ಬಿಡಿಸಿ ಎರಡು ಹೊತ್ತೂ ಮುದ್ದೆ ಕೊಡುತ್ತಿದ್ದೀರಿ, ದಿನವಿಡೀ ಹೊಲದಲ್ಲೇ ಇರುತ್ತಾರೆ, ಮಾತ್ರೆಯೂ ತಪ್ಪಿಸುತ್ತಿಲ್ಲ. ಆದರೂ ರಾತ್ರಿ ಊಟವಾಗಿ ಎರಡು ಗಂಟೆ ಕಳೆದ ಮೇಲೆ ನೋಡಿದರೆ 260 ಬರುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ನಮ್ಮ ತಾಯಿಗೂ ಬಹಳ ವರ್ಷದಿಂದ ಶುಗರ್ ಇದೆ, ನಾವೂ ರಾಗಿ ಬೆಳೆದು ರಾಗಿಯನ್ನೇ ಉಣ್ಣುವವರು. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಮುದ್ದೆ ವಿಷಯ. ರಾಗಿ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ರಾಗಿ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವುದು ಸರಿಯಲ್ಲ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ (ಕಾರ್ಬೋಹೈಡ್ರೇಟ್) ಇದ್ದರೆ, ಅಷ್ಟೇ ರಾಗಿಯಲ್ಲಿ 70ರ ಆಸುಪಾಸು ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಸಕ್ಕರೆಯಾಗುವುದು ಈ ಪಿಷ್ಟವೇ. ರಾಗಿಯ ಲಾಭ ಇರುವುದು ನಾರಿನಲ್ಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಅದರಲ್ಲಿ ಹೆಚ್ಚಿನದು ಕಾಳಿನ ಸಿಪ್ಪೆಯಲ್ಲಿರುತ್ತದೆ. ನುಣ್ಣಗೆ ಬೀಸಿಸಿ, ಮನೆಯಲ್ಲಿ ಮತ್ತೆ ಜರಡಿ ಹಿಡಿದು ಹೊಟ್ಟು ಚೆಲ್ಲಿದರೆ ಉಳಿಯುವುದು ಬಹುಪಾಲು ಪಿಷ್ಟ ತಾನೇ? ಸ್ವಲ್ಪ ತರಿಯಾಗಿ ಬೀಸಿಸಿ, ಜರಡಿ ಹಿಡಿಯಬೇಡಿ. ಗಂಜಿ, ಮಾಲ್ಟ್ ಅಂತ ತೆಳ್ಳಗೆ ಮಾಡಿ ಕುಡಿದರೆ ಇನ್ನೂ ಬೇಗ ಏರುತ್ತದೆ.

ಆಮೇಲೆ ಅಳತೆ. ನಮ್ಮ ಕಡೆ ಎರಡು ದೊಡ್ಡ ಮುದ್ದೆ ಉಂಡು, ಮೇಲೆ ಮಜ್ಜಿಗೆಗೆ ಅಂತ ಅನ್ನ ಹಾಕಿಸಿಕೊಳ್ಳುವುದು ಮಾಮೂಲು. ಒಂದು ಚಿಕ್ಕ ಮುದ್ದೆ ಸಾಕು, ಅನ್ನ ಬೇಡ. ಹೊಟ್ಟೆ ತುಂಬುವುದು ಸಾರಿನಿಂದ, ಪಲ್ಯದಿಂದ ಆಗಲಿ. ತಿಳಿಸಾರಿನಲ್ಲಿ ಅದ್ದಿ ನುಂಗುವುದಕ್ಕೂ ಹುರುಳಿಕಾಳಿನ ಬಸ್ಸಾರು, ಬಟ್ಟಲು ತುಂಬಾ ಸೊಪ್ಪಿನ ಪಲ್ಯದ ಜೊತೆ ಉಣ್ಣುವುದಕ್ಕೂ ಬಹಳ ವ್ಯತ್ಯಾಸವಿದೆ. ಅವರೆಕಾಳು, ಅಲಸಂದೆ, ಮೊಟ್ಟೆ, ಮೀನು ಯಾವುದಾದರೂ ಸರಿ. ಕಾಳು ಪಲ್ಯ ಮೊದಲು ತಿಂದು, ಮುದ್ದೆ ಆಮೇಲೆ ಮುರಿಯಲಿ. ಬರೀ ಈ ಕ್ರಮ ಬದಲಿಸಿದರೂ ಊಟದ ನಂತರದ ಏರಿಕೆ ತಗ್ಗುತ್ತದೆ. ಅಡುಗೆ ಮಾಡುವವರಿಗೂ ಇದರಿಂದ ಬೇರೆ ಕೆಲಸ ಹೆಚ್ಚುವುದಿಲ್ಲ.

ಕಾಫಿಗೆ ಸಕ್ಕರೆ ಬದಲು ಬೆಲ್ಲ ಹಾಕುತ್ತಿದ್ದೀರಿ ಅಂತ ಬರೆದಿದ್ದೀರಿ. ಶುಗರ್ ಮಟ್ಟಿಗೆ ಎರಡೂ ಒಂದೇ, ನಿಲ್ಲಿಸಿ. ಹಣ್ಣು ಬೇಕೆನಿಸಿದರೆ ಸೀಬೆಹಣ್ಣು ಒಳ್ಳೆಯದು.

ಇನ್ನು ಹೊಲದ ಕೆಲಸ. ಹೊಲದಲ್ಲಿರುವುದು ಬೇರೆ, ಮೈ ದಂಡಿಸುವುದು ಬೇರೆ. ಬೈಕಿನಲ್ಲಿ ಹೋಗಿ, ಮೋಟರ್ ಹಾಕಿ, ಬದುವಿನ ಮೇಲೆ ಕೂತು ನೀರು ನೋಡಿದರೆ ಮಾಂಸಖಂಡಕ್ಕೆ ಏನು ಕೆಲಸ? ಕಳೆ ಕಿತ್ತ ದಿನ, ಹುಲ್ಲಿನ ಹೊರೆ ಹೊತ್ತ ದಿನ ಶುಗರ್ ಎಷ್ಟಿತ್ತು, ಸುಮ್ಮನೆ ನೀರು ಹಾಯಿಸಿದ ದಿನ ಎಷ್ಟಿತ್ತು, ಒಂದು ವಾರ ಬರೆದು ನೋಡಿ. ನಡೆಯುವಾಗ ಕಾಲಿನ ದೊಡ್ಡ ಮಾಂಸಖಂಡಗಳು ರಕ್ತದಲ್ಲಿನ ಸಕ್ಕರೆಯನ್ನು ಎಳೆದುಕೊಳ್ಳುತ್ತವೆ, ಅದಕ್ಕೆ ಹೆಚ್ಚು ಇನ್ಸುಲಿನ್ ಕೂಡ ಬೇಕಾಗುವುದಿಲ್ಲ. ಇಡೀ ದಿನದ ದೊಡ್ಡ ಊಟ ರಾತ್ರಿ ಒಂಬತ್ತೂವರೆಗೆ, ಉಂಡ ತಕ್ಷಣ ಹಾಸಿಗೆ ಅಂದರೆ ಆ ಪಿಷ್ಟವೆಲ್ಲ ಎಲ್ಲಿಗೆ ಹೋಗಬೇಕು? ಊಟ ಎಂಟರ ಒಳಗೆ ಮುಗಿಯಲಿ, ಉಂಡ ಮೇಲೆ 15 ನಿಮಿಷ ಬೀದಿಯಲ್ಲಿ ನಡೆಯಲಿ. ನೀವೂ ಜೊತೆಗೆ ಹೋಗಿ. ನಿಮ್ಮ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್ ತಿಳಿಸುವ ರಕ್ತ ಪರೀಕ್ಷೆ, 6.1 ಅಂದಿರಲ್ಲ, ಅದು ಗಡಿಯಲ್ಲಿದೆ, 6.5 ಆದರೆ ಕಾಯಿಲೆ. ಅಮೆರಿಕದಲ್ಲಿ ನಿಮ್ಮ ಹಾಗೆ ಗಡಿಯಲ್ಲಿದ್ದವರ ಮೇಲೆ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು. ವಾರಕ್ಕೆ 150 ನಿಮಿಷ ನಡಿಗೆ, ತೂಕದಲ್ಲಿ ನೂರಕ್ಕೆ ಏಳರಷ್ಟು ಇಳಿಕೆ ಗುರಿ ಇಟ್ಟುಕೊಂಡವರಲ್ಲಿ ಶುಗರ್ ಬರುವ ಸಾಧ್ಯತೆ ಶೇ. 58ರಷ್ಟು ಕಡಿಮೆಯಾಗಿತ್ತು.

ಒಂದು ಎಚ್ಚರಿಕೆ, ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಊಟ ಕಡಿಮೆ ಮಾಡಿ ನಡಿಗೆ ಜಾಸ್ತಿ ಮಾಡಿದಾಗ, ಗ್ಲಿಮೆಪಿರೈಡ್‌ನಂಥ ಶುಗರ್ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಶುಗರ್ 70ಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಕ, ಬೆವರು, ಕಣ್ಣು ಮಂಜು ಬರುತ್ತದೆ. ರಾತ್ರಿ ತ್ರೀ ಫೇಸ್ ಕರೆಂಟ್ ಬಂತು ಅಂತ ಒಬ್ಬರೇ ತೋಟಕ್ಕೆ ಹೋಗುವವರಿಗೆ ಇದು ನಿಜಕ್ಕೂ ಅಪಾಯ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಹಾಗಾದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ತಿಂದು ಕೂರಬೇಕು, 15 ನಿಮಿಷಕ್ಕೆ ಮತ್ತೆ ನೋಡಬೇಕು. ಬರಿಗಾಲಲ್ಲಿ ಗದ್ದೆಗೆ ಇಳಿಯುವುದೂ ಬೇಡ, ಕಾಲು ಜೋಮು ಹಿಡಿದಿದ್ದರೆ ಮುಳ್ಳು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ದಿನಾ ರಾತ್ರಿ ನೀವೇ ಅವರ ಪಾದ ನೋಡಿ.

ಮಾತ್ರೆ ನುಂಗಿಯೂ 260 ಇದೆ ಅಂದರೆ ಊಟವೊಂದರಿಂದಲೇ ಸರಿಹೋಗುತ್ತದೆ ಅಂತ ಕಾಯಬೇಡಿ. ಈ ವಾರವೇ ಡಾಕ್ಟರಿಗೆ ತೋರಿಸಿ, ಎಚ್‌ಬಿಎ1ಸಿ ಮಾಡಿಸಿ. ಮೂರು ತಿಂಗಳ ಸರಾಸರಿ ಅದರಲ್ಲೇ ತಿಳಿಯುವುದು. ನಡುವೆ ಶುಗರ್, ಬಿಪಿ ನೋಡಿಸಲು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದರೆ ಸಾಕು, ದುಡ್ಡು ಕೊಡಬೇಕಿಲ್ಲ. ಮಾತ್ರೆಯ ಹೆಸರು ಇಲ್ಲಿ ಬರೆದಿಲ್ಲ ನೀವು. ಚೀಟಿಯಲ್ಲಿ ಏನಿದೆ, ಊಟಕ್ಕೆ ಮೊದಲೋ ಆಮೇಲೋ ಯಾವಾಗ ನುಂಗುತ್ತಾರೆ ಅನ್ನುವುದನ್ನು ಡಾಕ್ಟರಿಗೆ ಸರಿಯಾಗಿ ಹೇಳಿ.