ಗಾಜಿನ ಪಾತ್ರೆಯ ಧ್ರುವಪ್ರಭೆಯಲ್ಲಿ ಹಸಿರು ಏಕಿಲ್ಲ?

ಪ್ರಶ್ನೆ: ನಿರ್ವಾತ ಪಾತ್ರೆಯಲ್ಲಿ ಅಯಸ್ಕಾಂತವಿರುವ ಲೋಹದ ಗೋಳವಿಟ್ಟು ಧ್ರುವಪ್ರಭೆ (ಧ್ರುವಗಳ ಬಳಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ಅರೋರಾ) ಮೂಡಿಸಿದೆವು. ಬರುವುದು ಬರೀ ಗುಲಾಬಿ, ನೇರಳೆ. ಹಸಿರು ತರಿಸುವುದು ಹೇಗೆ?

ಮತ್ತೆ ಅದೇ ಪ್ರಶ್ನೆ! ನಿಮ್ಮ ಉಪಕರಣ ಕೆಟ್ಟಿಲ್ಲ. ಪಾತ್ರೆಗೆ ಹಸಿರು ಹಾಳೆ ಅಂಟಿಸಿ ತೋರಿಸುವ ಶಿಕ್ಷಕರಿದ್ದಾರೆ. ಅದು ವಿದ್ಯಾರ್ಥಿಗಳಿಗೆ ಮಾಡುವ ಮೋಸ.

ಆಕಾಶದ ಹಸಿರು, ಅಂದರೆ 557.7 ನ್ಯಾನೊಮೀಟರ್ ತರಂಗಾಂತರದ ರೇಖೆ, ಆಮ್ಲಜನಕದ ಒಂಟಿ ಪರಮಾಣುವಿನದು. ಉದ್ರೇಕಗೊಂಡ (ಹೆಚ್ಚಿನ ಶಕ್ತಿ ಪಡೆದ) ಆ ಪರಮಾಣು ಬೆಳಕು ಬಿಡಲು ಸರಾಸರಿ ಮುಕ್ಕಾಲು ಸೆಕೆಂಡು ಬೇಕು. 630 ನ್ಯಾನೊಮೀಟರ್‌ನ ಕೆಂಪಿಗಂತೂ ಹೆಚ್ಚುಕಡಿಮೆ ಎರಡು ನಿಮಿಷ. ನೂರು ಕಿಲೋಮೀಟರ್‌ಗಿಂತ ಮೇಲೆ ಗಾಳಿ ಬಹಳ ವಿರಳ, ಹಾಗಾಗಿ ಅಷ್ಟು ಪುರುಸೊತ್ತು ಸಿಗುತ್ತದೆ. ನಿಮ್ಮ ಪಾತ್ರೆಯಲ್ಲಿ ಹತ್ತಿಪ್ಪತ್ತು ಪಾಸ್ಕಲ್ ಒತ್ತಡವಿದ್ದರೂ ಅಲ್ಲಿಗಿಂತ ನೂರಾರು ಪಟ್ಟು ದಟ್ಟಣೆ. ಬೆಳಗುವ ಮೊದಲೇ ಪರಮಾಣು ಅಣುವಿಗೋ ಗೋಡೆಗೋ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುತ್ತದೆ. ಸಾರಜನಕಕ್ಕೆ ಈ ತೊಡಕಿಲ್ಲ. ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಬೇಗ ಬೆಳಗಿಬಿಡುತ್ತದೆ. ನಿಮಗೆ ಕಾಣುವ ಗುಲಾಬಿ ಅದರದ್ದೇ.

1925ರಲ್ಲಿ ಟೊರಾಂಟೊದಲ್ಲಿ ಮೆಕ್‌ಲೆನನ್ ಮತ್ತು ಶ್ರಮ್ ಎಂಬ ವಿಜ್ಞಾನಿಗಳು ಈ ಹಸಿರು ರೇಖೆಯನ್ನು ಪ್ರಯೋಗಾಲಯದಲ್ಲಿ ಪಡೆದದ್ದು ನಿಜ. ಆದರೆ ಅವರು ಬಳಸಿದ್ದು ಹೀಲಿಯಂ ಬೆರೆಸಿದ ಆಮ್ಲಜನಕವನ್ನು, ಕೋಣೆಯ ಗಾಳಿಯನ್ನಲ್ಲ.

ಹಸಿರು ಇಲ್ಲದಿರುವುದನ್ನೇ ಪಾಠ ಮಾಡಿ. ವಿದ್ಯಾರ್ಥಿಯ ಕೈಗೆ ರೋಹಿತದರ್ಶಕ (ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಉಪಕರಣ) ಕೊಡಿ. ಸಾರಜನಕದ 427.8 ನ್ಯಾನೊಮೀಟರ್‌ನ ನೀಲಿ-ನೇರಳೆ ಪಟ್ಟಿ ಆಕಾಶದ ಪ್ರಭೆಯಲ್ಲೂ ಇದೆ, ಪಾತ್ರೆಯಲ್ಲೂ ಇದೆ; 557.7ರ ರೇಖೆ ಮಾತ್ರ ಪಾತ್ರೆಯಲ್ಲಿ ಕಾಣದು. ಏಕೆಂದು ಅವರೇ ಯೋಚಿಸಲಿ. ಭೌತವಿಜ್ಞಾನಿ ಬಿರ್ಕೆಲಂಡ್ ನಾರ್ವೆಯಲ್ಲಿ ಶತಮಾನದ ಹಿಂದೆ ಇಂಥದ್ದೇ ಗೋಳ ಕಟ್ಟಿದ್ದು ಬಣ್ಣಕ್ಕಾಗಿ ಅಲ್ಲ, ಎಲೆಕ್ಟ್ರಾನ್‌ಗಳನ್ನು ಕಾಂತಕ್ಷೇತ್ರ ಧ್ರುವಗಳತ್ತ ಹೇಗೆ ಸೆಳೆಯುತ್ತದೆ ಎಂದು ತೋರಿಸಲು. ಧ್ರುವದ ಸುತ್ತ ಉಂಗುರ ಮೂಡಿದರೆ ನಿಮ್ಮ ಪ್ರಯೋಗ ಗೆದ್ದಂತೆಯೇ. ಉಂಗುರ ದಿನೇ ದಿನೇ ಮಂಕಾಗುತ್ತಿದ್ದರೆ ಅಯಸ್ಕಾಂತವನ್ನು ಪರೀಕ್ಷಿಸಿ. ಸಾಮಾನ್ಯ ನಿಯೋಡಿಮಿಯಂ ಅಯಸ್ಕಾಂತ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಲ ಕಳೆದುಕೊಳ್ಳುತ್ತದೆ, ಗೋಳವೋ ಬೇಗ ಕಾಯುತ್ತದೆ.

ಪ್ಲಾಸ್ಮಾ ಗೋಳದ ದೀಪ (ಒಳಗೆ ಮಿಂಚಿನಂಥ ಎಳೆಗಳು ಮೂಡುವ ಗಾಜಿನ ಗೋಳ) ತೋರಿಸಿದರೆ ಸಾಲದೇ?

ಸಾಲದು. ಅದರಲ್ಲಿ ದಾರಿ ತೋರಿಸುವ ಕಾಂತಕ್ಷೇತ್ರವೇ ಇಲ್ಲ.

ಈ ಬೆಳಕು ಕಾಯಿಲೆ ವಾಸಿಮಾಡುತ್ತದೆಯೇ?

ಇಲ್ಲ. ಹಾಗೆಂದು ದೀಪ ಮಾರುವವರು ವಂಚಕರು.

ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬಳಸಬಹುದೇ?

ಖಂಡಿತ ಬೇಡ. ಅದರ ಕರೆಂಟ್ ಒಂದೇ ಏಟಿಗೆ ಕೊಲ್ಲಬಲ್ಲದು. ವಿಡಿಯೊದಲ್ಲಿ ಇದನ್ನು ಹೇಳಿಕೊಡುವವರು ನಿಮ್ಮ ಮಕ್ಕಳ ಪ್ರಾಣಕ್ಕೆ ಹೊಣೆಯಾಗುವುದಿಲ್ಲ. ಕೆಲವೇ ಮಿಲಿಆಂಪಿಯರ್‌ಗೆ ಮಿತಿಗೊಳಿಸಿದ ವಿದ್ಯುತ್ ಮೂಲ, ಗಾಜು ಒಳಕುಸಿದರೆ ಚೂರು ತಡೆಯುವ ಪಾಲಿಕಾರ್ಬೊನೇಟ್ ಪರದೆ, ಸ್ವಿಚ್ಚಿನ ಬಳಿ ಒಬ್ಬ ಹಿರಿಯರು: ಇಷ್ಟಿಲ್ಲದ ಕೋಣೆಯಲ್ಲಿ ಈ ಪ್ರಯೋಗ ನಡೆಸಲು ನಾನು ಒಪ್ಪುವುದಿಲ್ಲ.