ಕ್ರೀಡಾ ಪ್ರಶ್ನೋತ್ತರ: ದೊಡ್ಡ ಆಟಗಾರ ಬಿಟ್ಟು ಹೋದ ಮೇಲೆ

ಪ್ರಶ್ನೆ: ಮೇಷ್ಟ್ರೇ, 2016ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಕೆವಿನ್ ಡುರಾಂಟ್ ಒಕ್ಲಹೋಮ ಸಿಟಿ ಥಂಡರ್ ಬಿಟ್ಟು ಗೋಲ್ಡನ್ ಸ್ಟೇಟ್ ಸೇರಿದ. 2025ರಲ್ಲಿ ಅದೇ ಥಂಡರ್ ಎನ್‌ಬಿಎ ಚಾಂಪಿಯನ್ ಆಯಿತು. ಡುರಾಂಟ್‌ನ ಸಂಬಳ ಉಳಿದಿತ್ತಲ್ಲ, ಆ ದುಡ್ಡಲ್ಲಿ ಆಗಲೇ ಇನ್ನೊಬ್ಬ ದೊಡ್ಡ ಆಟಗಾರನನ್ನು ತಂದಿದ್ದರೆ ಒಂಬತ್ತು ವರ್ಷ ಕಾಯಬೇಕಿತ್ತೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ದುಡ್ಡಿತ್ತು ಮಗೂ, ಬರುವವರು ಇರಲಿಲ್ಲ. ಆ ವರ್ಷ ಹೊಸ ಟೀವಿ ಒಪ್ಪಂದದಿಂದಾಗಿ ತಂಡಗಳ ಸಂಬಳದ ಮಿತಿ ಏಳು ಕೋಟಿ ಡಾಲರಿನಿಂದ ಒಂದೇ ಸಲಕ್ಕೆ 9.4 ಕೋಟಿಗೆ ಜಿಗಿಯಿತು. ಗೋಲ್ಡನ್ ಸ್ಟೇಟ್‌ಗೆ ಡುರಾಂಟ್‌ನನ್ನು ಕರೆಸಿಕೊಳ್ಳಲು ಜಾಗ ಸಿಕ್ಕಿದ್ದೇ ಆ ಜಿಗಿತದಿಂದ. ಅವನು ಜುಲೈ 4ರಂದು ತನ್ನ ತೀರ್ಮಾನ ತಿಳಿಸುವ ಹೊತ್ತಿಗೆ ಒಪ್ಪಂದ ಮುಗಿದಿದ್ದ ಉಳಿದ ಹೆಸರುವಾಸಿ ಆಟಗಾರರಲ್ಲಿ ಬಹುಪಾಲು ಜನ ಬೇರೆ ತಂಡಗಳಿಗೆ ಮಾತು ಕೊಟ್ಟಾಗಿತ್ತು. ಒಕ್ಲಹೋಮ ಸಿಟಿ ಚಿಕ್ಕ ಊರು. ಲಾಸ್ ಏಂಜಲೀಸ್, ಮಯಾಮಿಗೆ ಹೋಗುವ ಹಾಗೆ ದೊಡ್ಡ ಆಟಗಾರರು ತಾವಾಗಿ ಅಲ್ಲಿಗೆ ಹೋಗುವುದು ಅಪರೂಪ. ಇದ್ದ ಜಾಗವನ್ನು ಆಗಸ್ಟಿನಲ್ಲಿ ರಸೆಲ್ ವೆಸ್ಟ್‌ಬ್ರೂಕ್‌ನ ಸಂಬಳ ಏರಿಸಿ ಅವನ ಒಪ್ಪಂದ ಮುಂದುವರಿಸಲು ಬಳಸಿದರು. ಮುಂದಿನ ಋತುವಿನಲ್ಲಿ ಅವನು ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರಿಬೌಂಡ್, 10.4 ಅಸಿಸ್ಟ್ ತೆಗೆದು ಲೀಗಿನ ಅತ್ಯುತ್ತಮ ಆಟಗಾರನಾದ. ಆದರೂ ತಂಡ ಮೊದಲ ಸುತ್ತಿನಲ್ಲೇ ಹ್ಯೂಸ್ಟನ್‌ಗೆ 4-1ರಿಂದ ಸೋತಿತು.

ಡುರಾಂಟ್‌ನ ವಿಷಯದಲ್ಲಿ ನಿಜವಾದ ನಷ್ಟ ಅವನು ಹೋಗಿದ್ದಲ್ಲ, ಬದಲಿಗೆ ಏನೂ ಸಿಗದಿದ್ದದ್ದು. ಒಪ್ಪಂದ ಮುಗಿದಿತ್ತು, ಎದ್ದು ಹೋದ. ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಆಮೇಲೆ ಕಟ್ಟಿದ್ದೆಲ್ಲ ಇನ್ನೊಮ್ಮೆ ಕೈ ಬರಿದಾಗಬಾರದು ಎಂಬ ಹಟದಿಂದ ಕಟ್ಟಿದ್ದು ಎಂದೇ ನನ್ನ ನಂಬಿಕೆ.

ಒಂದು ಸರಪಳಿ ಹೇಳುತ್ತೇನೆ, ಕಾಗದದ ಮೇಲೆ ಬರೆದುಕೊಂಡು ಓದು. 2007ರಲ್ಲಿ ಈ ತಂಡ ಇನ್ನೂ ಸಿಯಾಟಲ್‌ನಲ್ಲಿತ್ತು. ಫೀನಿಕ್ಸ್ ತಂಡ ಖರ್ಚು ಇಳಿಸಲು ಕರ್ಟ್ ಥಾಮಸ್ ಎಂಬ ವಯಸ್ಸಾದ ಆಟಗಾರನನ್ನು ಬಿಟ್ಟುಕೊಡಲು ನೋಡುತ್ತಿತ್ತು. ಅವನ ಸಂಬಳದ ಹೊರೆ ಹೊತ್ತುಕೊಂಡರೆ ಎರಡು ಮೊದಲ ಸುತ್ತಿನ ಡ್ರಾಫ್ಟ್ ಹಕ್ಕುಗಳೂ ಜೊತೆಗೆ ಸಿಗುತ್ತಿದ್ದವು. (ಡ್ರಾಫ್ಟ್ ಎಂದರೆ ಲೀಗಿಗೆ ಬರುವ ಹೊಸ ಹುಡುಗರನ್ನು ತಂಡಗಳು ಪ್ರತಿ ವರ್ಷ ಸರದಿಯ ಪ್ರಕಾರ ಆರಿಸಿಕೊಳ್ಳುವುದು.) ಪ್ರೆಸ್ಟಿ ಹೊತ್ತುಕೊಂಡರು. ಅದರಲ್ಲಿ ಒಂದು ಹಕ್ಕು 2008ರಲ್ಲಿ 24ನೆಯ ಆಯ್ಕೆಯಾಗಿ ಬಂತು. ಅದರಲ್ಲಿ ಸಿಕ್ಕವನು ಸರ್ಜ್ ಇಬಾಕಾ. 2016ರ ಜೂನ್‌ನಲ್ಲಿ, ಡುರಾಂಟ್ ಹೋಗುವ ಕೆಲವೇ ದಿನ ಮುಂಚೆ, ಇಬಾಕಾನನ್ನು ಒರ್ಲ್ಯಾಂಡೊಗೆ ಕೊಟ್ಟು ವಿಕ್ಟರ್ ಒಲಾಡಿಪೊ, ಡೊಮಾಂಟಾಸ್ ಸಬೋನಿಸ್ ಮತ್ತು ಇನ್ನೊಬ್ಬನನ್ನು ತಂದರು. 2017ರಲ್ಲಿ ಒಲಾಡಿಪೊ, ಸಬೋನಿಸ್ ಇಬ್ಬರನ್ನೂ ಇಂಡಿಯಾನಾಗೆ ಕೊಟ್ಟು ಪಾಲ್ ಜಾರ್ಜ್‌ನನ್ನು ಪಡೆದರು. 2019ರ ಜುಲೈನಲ್ಲಿ ಜಾರ್ಜ್ ತಾನೇ ಬಾಯಿಬಿಟ್ಟು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕಳಿಸಿ ಎಂದ.

ಇಲ್ಲಿ ಡುರಾಂಟ್‌ಗೂ ಜಾರ್ಜ್‌ಗೂ ಇರುವ ವ್ಯತ್ಯಾಸ ನೋಡು. ಜಾರ್ಜ್‌ನ ಒಪ್ಪಂದ ಇನ್ನೂ ವರ್ಷಗಟ್ಟಲೆ ಬಾಕಿ ಇತ್ತು. ಅಲ್ಲದೆ, ಅವನು ಬಂದರೆ ಮಾತ್ರ ಕವಾಯ್ ಲೆನರ್ಡ್ ಎಂಬ ಇನ್ನೊಬ್ಬ ದೊಡ್ಡ ಆಟಗಾರ ಕೂಡ ಕ್ಲಿಪ್ಪರ್ಸ್‌ಗೆ ಬರುತ್ತಿದ್ದ. ಅಂದರೆ ಕೊಳ್ಳುವವರು ಒಬ್ಬನಿಗಲ್ಲ, ಇಬ್ಬರಿಗೆ ಬೆಲೆ ಕಟ್ಟಬೇಕಿತ್ತು. ಪ್ರೆಸ್ಟಿ ಅದನ್ನು ಪೂರ್ತಿ ವಸೂಲಿ ಮಾಡಿದರು: ಐದು ಮೊದಲ ಸುತ್ತಿನ ಹಕ್ಕುಗಳು, ಇನ್ನೆರಡು ವರ್ಷ ಹಕ್ಕು ಅದಲುಬದಲು ಮಾಡಿಕೊಳ್ಳುವ ಅವಕಾಶ, ಡ್ಯಾನಿಲೊ ಗ್ಯಾಲಿನಾರಿ. ಇವರೊಂದಿಗೆ ಇಪ್ಪತ್ತರ ಹುಡುಗ ಶೇ ಗಿಲ್ಜಸ್-ಅಲೆಕ್ಸಾಂಡರ್. ತನ್ನ ಮೊದಲ ಋತುವಿನಲ್ಲಿ ಅವನು ಪಂದ್ಯಕ್ಕೆ 10.8 ಅಂಕ ತೆಗೆದಿದ್ದ, ಅಷ್ಟೇ. ಆ ಐದರಲ್ಲಿ ಒಂದು ಹಕ್ಕು 2022ರಲ್ಲಿ 12ನೆಯ ಆಯ್ಕೆಯಾಗಿ ಕೈಗೆ ಬಂತು. ಅದರಿಂದ ಬಂದವನು ಜೇಲನ್ ವಿಲಿಯಮ್ಸ್.

2025ರ ಫೈನಲ್ಸ್‌ನ ಐದನೆಯ ಪಂದ್ಯದಲ್ಲಿ ಈ ವಿಲಿಯಮ್ಸ್ ಬಲ ಮಣಿಕಟ್ಟಿನ ಅಸ್ಥಿರಜ್ಜು ಹರಿದಿದ್ದರೂ 40 ಅಂಕ ಹೊಡೆದ. ಶೇ ಆ ಋತುವಿನಲ್ಲಿ ಸರಾಸರಿ 32.7 ಅಂಕ ತೆಗೆದು ಲೀಗಿನ ಅತ್ಯುತ್ತಮ ಆಟಗಾರ, ಫೈನಲ್ಸ್‌ನ ಅತ್ಯುತ್ತಮ ಆಟಗಾರ ಎರಡೂ ಆದ. 2007ರಲ್ಲಿ ಯಾರಿಗೂ ಬೇಡವಾಗಿದ್ದ ಒಂದು ಸಂಬಳದ ಚೀಟಿಯಿಂದ ಇಲ್ಲಿಯತನಕ ಕೊಂಡಿ ಎಲ್ಲೂ ಕಡಿದಿಲ್ಲ. ಡುರಾಂಟ್‌ಗೆ ಸರಿಸಾಟಿ ಒಬ್ಬನನ್ನು ಆಗಲೇ ಹುಡುಕಿ ತರುತ್ತೇವೆಂದು ಹೊರಟಿದ್ದರೆ, ಇದ್ದಬದ್ದ ಹಕ್ಕುಗಳನ್ನೆಲ್ಲ ಕೊಟ್ಟು ಮೂವತ್ತು ದಾಟಿದ ಯಾರನ್ನೋ ತಂದು ಕೂರುತ್ತಿದ್ದರು. ಹಾಗೆ ಮಾಡಿ ಸೊರಗಿದ ತಂಡಗಳು ಎನ್‌ಬಿಎಯಲ್ಲಿ ಬೇಕಾದಷ್ಟಿವೆ.

ಪ್ರಶ್ನೆ: ಥಂಡರ್ ಬೇಕಂತಲೇ ಸೋತು ಒಳ್ಳೆಯ ಹುಡುಗರನ್ನು ಬಾಚಿಕೊಂಡಿತು ಎನ್ನುತ್ತಾರೆ. ಒಂದು ಪಂದ್ಯದಲ್ಲಿ 73 ಅಂಕಗಳಿಂದ ಸೋತರಂತೆ. ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುವವನಾಗಿ ಕೇಳುತ್ತೇನೆ, ಇದು ಕ್ರೀಡಾಧರ್ಮವೇ?
— ದೈಹಿಕ ಶಿಕ್ಷಕರು, ಶಿವಮೊಗ್ಗ

ಉತ್ತರ: ಸೋತದ್ದು ನಿಜ. 2021ರ ಡಿಸೆಂಬರ್ 2, ಮೆಂಫಿಸ್‌ನಲ್ಲಿ, 152-79. ಎನ್‌ಬಿಎ ಚರಿತ್ರೆಯಲ್ಲೇ ಅದಕ್ಕಿಂತ ದೊಡ್ಡ ಅಂತರದ ಸೋಲಿಲ್ಲ. ತಲೆಗೆ ಪೆಟ್ಟಾಗಿದ್ದ ಶೇ ಅಂದು ಆಡಿರಲಿಲ್ಲ. ಆ ಕಡೆ ಮೆಂಫಿಸ್‌ನ ಜಾ ಮೊರಾಂಟ್ ಕೂಡ ಇರಲಿಲ್ಲ. ಈ ಸೋಲನ್ನು ನಾನು ಬೇಕಂತಲೇ ಸೋತದ್ದು ಎನ್ನುವುದಿಲ್ಲ. ಅಂಗಳದಲ್ಲಿದ್ದ ಹುಡುಗರು ಸೋಲಲು ಆಡುವುದಿಲ್ಲ, ಅವರ ಕೆಲಸವೇ ಪಣಕ್ಕಿರುತ್ತದೆ.

ಆದರೆ ಅದಕ್ಕೆ ಮುಂಚೆ, 2021ರ ಮಾರ್ಚ್‌ನಲ್ಲಿ, ಮೈ ಗಟ್ಟಿಯಾಗಿದ್ದ ಆಲ್ ಹಾರ್ಫರ್ಡ್‌ನನ್ನು ಉಳಿದ ಋತುವೆಲ್ಲ ಆಡಿಸುವುದಿಲ್ಲ ಎಂದು ತಂಡ ಹೇಳಿತು. ಋತು 22 ಗೆಲುವು, 50 ಸೋಲಿನಲ್ಲಿ ಮುಗಿಯಿತು. ಅದು ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಟಿಕೆಟ್ ಕೊಂಡು ಬಂದ ಮಗುವಿಗೆ ಆಡಬಲ್ಲ ಆಟಗಾರನನ್ನು ಬೆಂಚಿನಲ್ಲಿ ತೋರಿಸುವುದು ತಪ್ಪು. ನಿಮ್ಮ ಮಕ್ಕಳಿಗೂ ಹಾಗೆಯೇ ಹೇಳಿ.

ಇನ್ನು ಆ ಸೋಲುಗಳಿಂದಲೇ ತಂಡ ಕಟ್ಟಿದರು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಡ್ರಾಫ್ಟ್‌ನಲ್ಲಿ ಯಾರು ಮೊದಲು ಆರಿಸಬೇಕೆಂದು ಸೋತ ತಂಡಗಳ ನಡುವೆ ಲಾಟರಿ ಎತ್ತುತ್ತಾರೆ. ಅದರ ನಿಯಮ 2019ರಲ್ಲಿ ಬದಲಾಗಿತ್ತು. ಕೊನೆಯ ಮೂರು ತಂಡಗಳಿಗೂ ಮೊದಲ ಆಯ್ಕೆ ಸಿಗುವ ಸಾಧ್ಯತೆ ಆಗ ತಲಾ ಶೇಕಡಾ 14 ಮಾತ್ರ. 50 ಪಂದ್ಯ ಸೋತ ಥಂಡರ್‌ಗೆ ಸಿಕ್ಕಿದ್ದು ಆರನೆಯ ಆಯ್ಕೆ. ಚಾಂಪಿಯನ್ ತಂಡದ ಹುಡುಗರನ್ನು ಒಬ್ಬೊಬ್ಬರಾಗಿ ನೋಡಿ: ಶೇ ಗಿಲ್ಜಸ್-ಅಲೆಕ್ಸಾಂಡರ್ 2018ರಲ್ಲಿ 11ನೆಯ ಆಯ್ಕೆ, ಅದೂ ಬೇರೆ ತಂಡದ್ದು. ಜೇಲನ್ 12. ಏರನ್ ವಿಗಿನ್ಸ್ 55. ಎದುರಾಳಿಯನ್ನು ಕಾಡುವ ಲು ಡಾರ್ಟ್‌ನನ್ನು 2019ರ ಡ್ರಾಫ್ಟ್‌ನಲ್ಲಿ ಯಾರೂ ಕೇಳಲೇ ಇಲ್ಲ. ದೂರದಿಂದ ಮೂರು ಅಂಕ ಹೊಡೆಯುವ ಐಸಾಯಾ ಜೋನನ್ನು ಫಿಲಡೆಲ್ಫಿಯಾ ಕೈಬಿಟ್ಟಿತ್ತು. ಸೋಲಿನಿಂದ ನೇರವಾಗಿ ಸಿಕ್ಕ ದೊಡ್ಡ ಫಲ ಎಂದರೆ 2022ರ ಎರಡನೆಯ ಆಯ್ಕೆ ಚೆಟ್ ಹೋಮ್‌ಗ್ರೆನ್ ಒಬ್ಬನೇ. ಅವನೂ ಪಾದದ ಗಾಯದಿಂದ ಮೊದಲ ಋತು ಪೂರ್ತಿ ಹೊರಗೆ ಕೂತ. ಆರನೆಯ ಆಯ್ಕೆ ಜಾಷ್ ಗಿಡ್ಡಿಯನ್ನು 2024ರಲ್ಲಿ ಶಿಕಾಗೊಗೆ ಕೊಟ್ಟು ಅಲೆಕ್ಸ್ ಕರೂಸೊನನ್ನು ತಂದರು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಉಳಿದದ್ದೆಲ್ಲ ಕಣ್ಣಿಟ್ಟು ಆರಿಸಿದ್ದು, ಕೂರಿಸಿ ಕಲಿಸಿದ್ದು.

ಪ್ರಶ್ನೆ: ತಾರೆ ಹೋದ ಮೇಲೆ ಕೋಚ್‌ನನ್ನೂ ಬದಲಾಯಿಸಬೇಕೇ?
— ಕಾಲೇಜು ತಂಡದ ನಾಯಕಿ, ಹಾಸನ

ಉತ್ತರ: ಬದಲಾಯಿಸಲೇಬೇಕೆಂದಿಲ್ಲಮ್ಮ. ಆದರೆ ಕಲಿಸುವ ತಾಳ್ಮೆ ಇರುವವರು ಬೇಕು. 2020ರಲ್ಲಿ ಬಿಲ್ಲಿ ಡಾನೊವನ್ ಹೊರಟಾಗ ಥಂಡರ್ ದೊಡ್ಡ ಹೆಸರನ್ನು ಹುಡುಕಲಿಲ್ಲ. ತಮ್ಮದೇ ಕಿರಿಯರ ತಂಡ ಒಕ್ಲಹೋಮ ಸಿಟಿ ಬ್ಲೂಗೆ ಐದು ವರ್ಷ ಕಲಿಸಿದ್ದ ಮಾರ್ಕ್ ಡೇಗ್ನಾಲ್ಟ್‌ಗೆ ಜವಾಬ್ದಾರಿ ಕೊಟ್ಟರು. ಆಗ ಅವರಿಗೆ ಮೂವತ್ತೈದು. ಮೊದಲೆರಡು ಋತು ಸೋತು ಸುಣ್ಣವಾದರೂ ಅವರನ್ನು ತೆಗೆಯಲಿಲ್ಲ. 2024ರಲ್ಲಿ ವರ್ಷದ ಕೋಚ್ ಪ್ರಶಸ್ತಿ ಅವರಿಗೇ ಬಂತು. ಮೇಲೆ ಹೇಳಿದ ಕರೂಸೊ ಕೂಡ ಆರಂಭದಲ್ಲಿ ಬ್ಲೂ ತಂಡದಲ್ಲಿ ಇವರ ಕೈಕೆಳಗೇ ಆಡಿದವನು.

ಗೆದ್ದ ಮೇಲೆ ಟೀವಿಯವರು ಒಬ್ಬನ ಮುಂದೆ ಮೈಕ್ ಹಿಡಿದರೆ ಥಂಡರ್ ಹುಡುಗರೆಲ್ಲ ಬಂದು ಅವನ ಸುತ್ತ ನಿಲ್ಲುತ್ತಾರೆ. ಗಮನಿಸಿ ನೋಡು: ಬೆಂಚಿನಲ್ಲೇ ಇದ್ದವನೂ ಹೆಗಲ ಮೇಲೆ ಕೈ ಹಾಕಿರುತ್ತಾನೆ. ನಿನ್ನ ತಂಡದಲ್ಲಿ ಇದನ್ನು ನಾಳೆಯಿಂದಲೇ ಮಾಡಿಸಬಹುದು, ಅದಕ್ಕೆ ದುಡ್ಡು ಬೇಕಿಲ್ಲ.

ಪ್ರಶ್ನೆ: ನಮಸ್ಕಾರ ಮೇಷ್ಟ್ರೇ. ನಾವಿರುವುದು ಡಲ್ಲಾಸ್ ಪಕ್ಕದಲ್ಲಿ, ಊರು ಮಂಡ್ಯ. ಲೂಕಾ ಡಾಂಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟ ದಿನ ನನ್ನ ಮಗ ಊಟ ಮಾಡಲಿಲ್ಲ. ನಮ್ಮ ಡಲ್ಲಾಸ್ ಮ್ಯಾವರಿಕ್ಸ್ ಕೂಡ ಥಂಡರ್ ಹಾಗೆ ಎದ್ದೀತೇ?
— ಒಬ್ಬ ತಾಯಿ, ಟೆಕ್ಸಸ್

ಉತ್ತರ: ಮಗುವಿನ ದುಃಖ ಸರಿಯಾದದ್ದೇ ತಾಯಿ, ಗದರಬೇಡಿ. ಲೂಕಾಗೆ ಆಗ ಇಪ್ಪತ್ತೈದು. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್ಸ್‌ಗೆ ಕೊಂಡೊಯ್ದಿದ್ದ. ಅಂಥವನನ್ನು 2025ರ ಫೆಬ್ರವರಿಯಲ್ಲಿ ತಾವಾಗಿಯೇ ಕೊಟ್ಟು ಪಡೆದದ್ದು ಮೂವತ್ತೊಂದರ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ, 2029ರ ಒಂದೇ ಒಂದು ಮೊದಲ ಸುತ್ತಿನ ಹಕ್ಕು. ಪಾಲ್ ಜಾರ್ಜ್‌ಗೆ ಐದು ಬಂದಿದ್ದವು ಎಂಬುದನ್ನು ನೆನೆದರೆ ನನಗೂ ಸಂಕಟವಾಗುತ್ತದೆ. ಬೇರೆ ತಂಡಗಳನ್ನೆಲ್ಲ ಕೇಳಿ ಬೆಲೆ ಏರಿಸಲೂ ಇಲ್ಲ. ಡೇವಿಸ್ ಮೊದಲ ಪಂದ್ಯದಲ್ಲೇ ಗಾಯಗೊಂಡ. ಮಾರ್ಚ್‌ನಲ್ಲಿ ತಂಡದ ಇನ್ನೊಬ್ಬ ತಾರೆ ಕೈರಿ ಅರ್ವಿಂಗ್‌ನ ಮೊಣಕಾಲು ಹೋಯಿತು. ವ್ಯವಹಾರ ಮಾಡಿದ ಜನರಲ್ ಮ್ಯಾನೇಜರ್ ನಿಕೊ ಹ್ಯಾರಿಸನ್ ನವೆಂಬರ್‌ನಲ್ಲಿ ಕೆಲಸ ಕಳೆದುಕೊಂಡರು.

ಆದರೆ ಮೇ ತಿಂಗಳ ಲಾಟರಿಯಲ್ಲಿ ಶೇಕಡಾ 1.8ರ ಸಾಧ್ಯತೆ ಇಟ್ಟುಕೊಂಡಿದ್ದ ಡಲ್ಲಾಸ್‌ಗೇ ಮೊದಲ ಆಯ್ಕೆ ಬಂದು ಕೂಪರ್ ಫ್ಲ್ಯಾಗ್ ಸಿಕ್ಕಿದ. ಇದು ಯಾರ ಜಾಣತನವೂ ಅಲ್ಲ, ಅದೃಷ್ಟ. ಈಗ ಆಗಬೇಕಾದದ್ದು ಒಂದೇ: ಫ್ಲ್ಯಾಗ್‌ನ ವಯಸ್ಸಿಗೆ ಹೊಂದುವ ಹುಡುಗರನ್ನು ಸುತ್ತ ಸೇರಿಸುತ್ತಾ ಹೋಗುವುದು. ಈ ವರ್ಷವೇ ಗೆಲ್ಲಬೇಕೆಂದು ವಯಸ್ಸಾದವರನ್ನು ತುಂಬಿಕೊಂಡರೆ, ಅವನು ಪಕ್ವವಾಗುವ ಹೊತ್ತಿಗೆ ಜೊತೆಗಾರರೇ ಇರುವುದಿಲ್ಲ. ನಿಮ್ಮ ಮಗ ಲೂಕಾನ ಜೆರ್ಸಿ ಹಾಕಿಕೊಂಡೇ ಫ್ಲ್ಯಾಗ್‌ಗೆ ಚಪ್ಪಾಳೆ ತಟ್ಟಲಿ, ಅದರಲ್ಲೇನೂ ತಪ್ಪಿಲ್ಲ.

ಪ್ರಶ್ನೆ: ಥಂಡರ್ ಈ ತಂಡವನ್ನು ಹೀಗೇ ಉಳಿಸಿಕೊಳ್ಳಬಹುದೇ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಉತ್ತರ: ಪೂರ್ತಿ ಉಳಿಸಿಕೊಳ್ಳುವುದು ಕಷ್ಟ. ಜೇಲನ್, ಚೆಟ್ ಇಬ್ಬರ ಹೊಸ ದೊಡ್ಡ ಒಪ್ಪಂದಗಳು 2026-27ರಿಂದ, ಶೇಯ ನಾಲ್ಕು ವರ್ಷಕ್ಕೆ 28.5 ಕೋಟಿ ಡಾಲರಿನ ಒಪ್ಪಂದ ಮರು ಋತುವಿನಿಂದ ಜಾರಿ. 2023ರಲ್ಲಿ ಲೀಗ್ ಮತ್ತು ಆಟಗಾರರ ಸಂಘ ಮಾಡಿಕೊಂಡ ಒಪ್ಪಂದದಲ್ಲಿ ತಂಡದ ಒಟ್ಟು ಸಂಬಳಕ್ಕೆ ಎರಡನೆಯ ಗೆರೆಯೊಂದನ್ನು ಎಳೆದಿದ್ದಾರೆ. ಅದನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳ ಒಟ್ಟುಗೂಡಿಸಿ ಒಬ್ಬ ದೊಡ್ಡವನನ್ನು ತರುವ ಹಾಗಿಲ್ಲ. ಏಳು ವರ್ಷ ಮುಂದಿನ ಡ್ರಾಫ್ಟ್ ಹಕ್ಕನ್ನೂ ವ್ಯಾಪಾರಕ್ಕೆ ಇಡುವ ಹಾಗಿಲ್ಲ. ಹಾಗಾಗಿ ಡಾರ್ಟ್, ಹಾರ್ಟನ್‌ಸ್ಟೈನ್ ಥರದ ಒಬ್ಬಿಬ್ಬರನ್ನು ಬಿಡಬೇಕಾಗಿ ಬರಬಹುದು. ಪ್ರೆಸ್ಟಿ ಅವರನ್ನು ಬಲ್ಲ ನಾನು ಹೇಳುವುದಿಷ್ಟು: ಅವರು ಹೋಗುವಾಗ ಬದಲಿಗೆ ಏನಾದರೊಂದು ಕೈಗೆ ಬಂದೇ ಬರುತ್ತದೆ.