ಕಾರು ಕಂಪನಿಯೊಂದು ನೌಕಾಪಡೆಗೆ ಗಸ್ತು ಹಡಗು ಕಟ್ಟಿಕೊಟ್ಟಿದ್ದು ನಿಜವೇ?

ನಿಜ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳನ್ನು ಬೇಟೆಯಾಡಲು ಅಮೆರಿಕಕ್ಕೆ ಸಣ್ಣ ಹಡಗುಗಳು ಬೇಕಿದ್ದವು. ಹಡಗುಕಟ್ಟೆಗಳಿಗೆಲ್ಲ ಆಗಲೇ ಕೈತುಂಬ ಕೆಲಸ. ಹಾಗಾಗಿ 1918ರಲ್ಲಿ ಈ ಕೆಲಸ ಫೋರ್ಡ್ ಕಂಪನಿಗೆ ಬಂತು. ಇವೇ ‘ಈಗಲ್’ ಹಡಗುಗಳು. ಉದ್ದ 200 ಅಡಿಗೂ ಸ್ವಲ್ಪ ಜಾಸ್ತಿ.

ನನಗೆ ತುಂಬಾ ಇಷ್ಟವಾಗುವುದು ಅವುಗಳ ವಿನ್ಯಾಸ. ಹಡಗಿನ ಮೈಗೆ ಉಕ್ಕಿನ ತಗಡನ್ನು ಬಾಗಿಸಲು ನುರಿತ ಕೈ ಬೇಕು. ಫೋರ್ಡ್ ಕೆಲಸಗಾರರು ಹಡಗು ಕಟ್ಟಿದವರಲ್ಲ. ಅದಕ್ಕೇ ಆದಷ್ಟೂ ಚಪ್ಪಟೆ ತಗಡುಗಳನ್ನೇ ಬಳಸಿದರು. ಮಿಶಿಗನ್‌ನ ರೂಜ್ ನದಿ ದಂಡೆಯ ಕಾರ್ಖಾನೆಯಲ್ಲಿ, ಕಾರಿನ ಹಾಗೆಯೇ ಹಂತ ಹಂತವಾಗಿ ಜೋಡಿಸಿದರು.

ಮೊದಲ ಹಡಗು ಜುಲೈನಲ್ಲೇ ನೀರಿಗಿಳಿಯಿತು. ಆದರೆ ಹಡಗು ಅಂದರೆ ಕಾರಲ್ಲ ಅಲ್ವಾ? ಕೆಲಸ ನಿಧಾನವಾಯಿತು. ನೂರಕ್ಕೂ ಜಾಸ್ತಿ ಕೇಳಿದ್ದರು, ಆಗಿದ್ದು 60. ಹೆಚ್ಚಿನವು ಸಿದ್ಧವಾಗುವಷ್ಟರಲ್ಲಿ ಯುದ್ಧವೇ ಮುಗಿದಿತ್ತು.

ಕೆಲವು ಎರಡನೇ ಮಹಾಯುದ್ಧದವರೆಗೂ ದುಡಿದವು. ‘ಈಗಲ್ 56’ 1945ರ ಏಪ್ರಿಲ್‌ನಲ್ಲಿ ಮೇನ್ ರಾಜ್ಯದ ಕರಾವಳಿಯ ಬಳಿ ಮುಳುಗಿ 49 ಮಂದಿ ಸತ್ತರು. ಬಾಯ್ಲರ್ ಸಿಡಿಯಿತು ಎಂದು ತನಿಖೆ ಹೇಳಿತು. ಅದು ಜರ್ಮನ್ ಜಲಾಂತರ್ಗಾಮಿಯ ದಾಳಿ ಎಂದು ನೌಕಾಪಡೆ ಒಪ್ಪಿಕೊಂಡಿದ್ದು 2001ರಲ್ಲಿ. ಬದುಕುಳಿದವರು ಅಷ್ಟು ವರ್ಷ ಕಾಯಬೇಕಾಯಿತು.